ಹುಕ್ ಲಾ ಹೇಳಿದವನು ಸೈಟಿಗೆ ಗೂಟ ಹೊಡೆದ ಕತೆ

ಥರ್ಡ್ ಸೆಮ್‌ನಲ್ಲಿ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಓದಿದ ಯಾರಿಗೂ ರಾಬರ್ಟ್ ಹುಕ್ ಹೆಸರು ಹೊಸದಲ್ಲ. ಲ್ಯಾಬ್‌ನಲ್ಲಿ ಯುಟಿಎಂ ಮೆಷಿನ್‌ಗೆ ಸರಳು ಸಿಗಿಸಿ ಎಳೀತೀವಿ, ಗ್ರಾಫ್‌ನಲ್ಲಿ ಮೊದಲು ನೆಟ್ಟಗೆ ಒಂದು ಗೆರೆ ಬರತ್ತೆ. ಅಲ್ಲಿವರೆಗೆ ಹುಕ್ ಲಾ. ಆಮೇಲೆ ಗೆರೆ ಬಾಗತ್ತೆ, ಹುಕ್‌ನನ್ನ ಅಲ್ಲೇ ಬಿಟ್ಟು ನಾವು ಮುಂದೆ ಹೋಗ್ತೀವಿ. ವೈವಾದಲ್ಲಿ ಕೇಳಿದ್ರೆ ಒಂದು ವಾಕ್ಯ ಹೇಳಿ ಪಾಸಾಗ್ತೀವಿ. ನಾನೂ ಹಾಗೇ ಪಾಸಾದವಳು.

ಹೋದ ಬೇಸಿಗೆ ರಜೆಯಲ್ಲಿ ನಮ್ಮೂರಲ್ಲಿ ನಮ್ಮ ಮನೆ ಕೆಲಸ ಶುರುವಾಯ್ತು. 30 ಬೈ 40 ಸೈಟು. ಗುದ್ದಲಿ ಪೂಜೆ ಮುಗಿದ ಮಾರನೇ ದಿನ ಪಾಯ ಮಾರ್ಕಿಂಗ್. ನಾನು ಸಿವಿಲ್ ಓದ್ತಿದ್ದೀನಲ್ಲ, ಹಾಗಾಗಿ ಟೇಪ್ ಹಿಡಿಯೋ ಕೆಲಸ ನನಗೇ ಸಿಕ್ಕಿತು. ಮೇಸ್ತ್ರಿ ಮೂಲೆಗೆ ಗೂಟ ಹೊಡೆದು ದಾರ ಎಳೆದ್ರು. ಪಕ್ಕದ ಮನೆ ಕಡೆ ಪ್ಲಾನಿನ ಪ್ರಕಾರ 1 ಮೀಟರ್ ಸೆಟ್‌ಬ್ಯಾಕ್ ಬಿಡಬೇಕಿತ್ತು. ಅಪ್ಪ ಸ್ವಲ್ಪ ಹೊತ್ತು ನೋಡಿದ್ರು, ಅಡುಗೆಮನೆ ಚಿಕ್ಕದಾಗತ್ತೆ ಅಂದ್ರು, ಆ ಗೂಟ ಕಿತ್ತು ಆಚೆ ಹೊಡೆಸಿದ್ರು. ಮೇಸ್ತ್ರಿ ನನ್ನ ಮುಖ ನೋಡಿದ್ರು. ನಾನು ಏನೂ ಹೇಳಲಿಲ್ಲ.

ಕಾಲೇಜಿಗೆ ವಾಪಸ್ ಬಂದ ಮೇಲೆ ಬಿಲ್ಡಿಂಗ್ ಬೈಲಾ ಅನ್ನೋದು ಎಲ್ಲಿಂದ ಶುರುವಾಯ್ತು ಅಂತ ಓದ್ತಾ ಹೋದೆ. 17ನೇ ಶತಮಾನದ ಲಂಡನ್‌ನಲ್ಲಿ ಬಂದು ನಿಂತೆ. ಅಲ್ಲಿ ಕೈಯಲ್ಲಿ ಅಳತೆಕೋಲು ಹಿಡ್ಕೊಂಡು ನಿಂತಿದ್ದವನು ಯಾರು ಗೊತ್ತಾ? ನಮ್ಮ ಗ್ರಾಫಿನ ಅದೇ ಹುಕ್.

ಹುಕ್ ಹುಟ್ಟಿದ್ದು 1635ರಲ್ಲಿ, ಇಂಗ್ಲೆಂಡಿನ ದಕ್ಷಿಣಕ್ಕಿರೋ ಐಲ್ ಆಫ್ ವೈಟ್ ದ್ವೀಪದ ಫ್ರೆಶ್‌ವಾಟರ್ ಅನ್ನೋ ಊರಲ್ಲಿ. ಅಪ್ಪ ಅಲ್ಲಿನ ಚರ್ಚಿನಲ್ಲಿ ಪಾದ್ರಿ. ಹುಡುಗ ಯಾವಾಗಲೂ ಕಾಯಿಲೆ, ತಲೆನೋವು. ಓದಿಸೋದೇ ಕಷ್ಟ ಅಂತ ಮನೆಯವರು ಬಿಟ್ಟಿದ್ರಂತೆ. ಅವನು ಸುಮ್ಮನೆ ಕೂರಲಿಲ್ಲ. ಹಿತ್ತಾಳೆ ಗಡಿಯಾರ ಬಿಚ್ಚಿದ್ದನ್ನ ನೋಡಿ, ಮರದಲ್ಲಿ ಅದೇ ತರದ್ದೊಂದು ಮಾಡಿದ, ಅದು ನಡೀತು ಕೂಡ. 13 ವರ್ಷ ಆದಾಗ, 1648ರಲ್ಲಿ, ಅಪ್ಪ ತೀರಿಕೊಂಡರು. ಸ್ವಲ್ಪ ಹಣ ಇಟ್ಕೊಂಡು ಲಂಡನ್‌ಗೆ ಬಂದ. ಮೊದಲು ಪೀಟರ್ ಲೆಲಿ ಅನ್ನೋ ದೊಡ್ಡ ಚಿತ್ರಕಾರನ ಹತ್ತಿರ ಸೇರಿದ, ಬಣ್ಣದ ವಾಸನೆಗೆ ತಲೆನೋವು ಜಾಸ್ತಿಯಾಗಿ ಬಿಟ್ಟ. ವೆಸ್ಟ್‌ಮಿನ್‌ಸ್ಟರ್ ಶಾಲೆಗೆ ಸೇರಿ ಯೂಕ್ಲಿಡ್‌ನ ಮೊದಲ ಆರು ಪುಸ್ತಕಗಳನ್ನ ಒಂದೇ ವಾರದಲ್ಲಿ ಮುಗಿಸಿದ ಅಂತ ಅವನ ಗೆಳೆಯ ಬರೆದಿಟ್ಟಿದ್ದಾನೆ. ನಾವು ಎಕ್ಸಾಮ್ ಹಿಂದಿನ ವಾರ ಮಾಡೋದೂ ಇದೇ, ಆದ್ರೆ ಅವನಿಗೆ ಆಮೇಲೂ ನೆನಪಿತ್ತು.

ಆಕ್ಸ್‌ಫರ್ಡ್‌ನಲ್ಲಿ ರಾಬರ್ಟ್ ಬಾಯ್ಲ್‌ಗೆ ಸಹಾಯಕನಾದ. ಬಾಯ್ಲ್ ಲಾ ಬಂತಲ್ಲ, ಅದರ ಹಿಂದಿನ ಗಾಳಿ ಪಂಪು ಕಟ್ಟಿದ್ದು ಹುಕ್. 1662ರಲ್ಲಿ ರಾಯಲ್ ಸೊಸೈಟಿಗೆ ಪ್ರಯೋಗಗಳ ಕ್ಯುರೇಟರ್ ಆದ, ಅಂದ್ರೆ ಪ್ರತಿ ಸಭೆಗೂ ಹೊಸ ಪ್ರಯೋಗ ಮಾಡಿ ತೋರಿಸೋ ಕೆಲಸ. ಸಂಬಳ ಮಾತ್ರ ಸರಿಯಾಗಿ ಬರ್ತಿರಲಿಲ್ಲ. 1665ರಲ್ಲಿ ಗ್ರೆಶಮ್ ಕಾಲೇಜಿನಲ್ಲಿ ಜ್ಯಾಮಿತಿಯ ಪ್ರೊಫೆಸರ್ ಆಗಿ ಅಲ್ಲೇ ರೂಮು ಸಿಕ್ಕಿತು, ಸಾಯೋವರೆಗೂ ಅದೇ ಅವನ ಮನೆ. ಅದೇ ವರ್ಷ ಮೈಕ್ರೋಗ್ರಾಫಿಯಾ ಪುಸ್ತಕ ಬಂತು, ಅದರಲ್ಲಿನ ಚಿಗಟದ ಚಿತ್ರ ನೀವು ಎಲ್ಲಾದರೂ ನೋಡಿರ್ತೀರ. ಜೀವಕೋಶಕ್ಕೆ ಸೆಲ್ ಅನ್ನೋ ಹೆಸರು ಬಂದದ್ದೂ ಆ ಪುಸ್ತಕದಿಂದಲೇ. ಮೆಕ್ಯಾನಿಕಲ್‌ನವರು ಓದೋ ಯೂನಿವರ್ಸಲ್ ಜಾಯಿಂಟ್‌ಗೂ ಇವನ ಹೆಸರಿದೆ. ಇದೆಲ್ಲ ಗೂಗಲ್ ಮಾಡಿದ್ರೆ ಸಿಗತ್ತೆ. ನನಗೆ ಹೇಳಬೇಕಿರೋದು ಮುಂದಿನ ವರ್ಷದ ಕತೆ.

1666ರ ಸೆಪ್ಟೆಂಬರ್ 2, ಭಾನುವಾರ ಬೆಳಗಿನ ಜಾವ, ಪುಡ್ಡಿಂಗ್ ಲೇನ್ ಅನ್ನೋ ಬೀದಿಯ ಒಂದು ಬೇಕರಿಯಲ್ಲಿ ಬೆಂಕಿ ಹತ್ತಿಕೊಂಡಿತು. ನಾಲ್ಕು ದಿನ ಉರೀತು. ಸುಮಾರು 13,200 ಮನೆ, 87 ಚರ್ಚು, ಸುಮಾರು 436 ಎಕರೆ ಊರು ಬೂದಿ. ಆಗಿನ ಲಂಡನ್ ಮನೆಗಳನ್ನ ಕಟ್ಟಿದ ರೀತಿ ನೋಡಿದ್ರೆ ಇದು ಇಷ್ಟು ವರ್ಷ ಹೇಗೆ ಉಳಿದಿತ್ತು ಅನ್ಸತ್ತೆ. ಮರದ ಚೌಕಟ್ಟು, ನಡುವೆ ಕಡ್ಡಿ ಹೆಣೆದು ಮಣ್ಣು ಮೆತ್ತಿದ ಗೋಡೆ. ಒಂದೊಂದು ಮಹಡಿಯೂ ಕೆಳಗಿನ ಮಹಡಿಗಿಂತ ಸ್ವಲ್ಪ ಸ್ವಲ್ಪ ಬೀದಿ ಕಡೆ ಚಾಚಿಕೊಂಡಿರೋದು. ಓಣಿಯ ಎರಡೂ ಕಡೆಯಿಂದ ಹೀಗೆ ಚಾಚಿ ಚಾಚಿ ಮೇಲೆ ಎದುರುಬದುರು ಮನೆಗಳು ಹೆಚ್ಚುಕಮ್ಮಿ ಮುಟ್ಟಿಕೊಂಡಿರೋವು. ಬೆಂಕಿಗೆ ಓಣಿ ದಾಟೋಕೆ ಒಂದು ಹೆಜ್ಜೆ ಸಾಕು.

ಇಲ್ಲೊಂದು ವಿಷಯ ನನಗೆ ಚುಚ್ಚಿತು. ಇಟ್ಟಿಗೆಯಲ್ಲೇ ಕಟ್ಟಿ, ಬೀದಿಗೆ ಚಾಚಬೇಡಿ ಅಂತ ಬೆಂಕಿಗೆ ದಶಕಗಳ ಮುಂಚೆಯೇ ರಾಜಾಜ್ಞೆಗಳು ಹೊರಟಿದ್ವು. ರೂಲ್ ಇತ್ತು, ಸೈಟಿಗೆ ಬಂದು ನೋಡೋರು ಇರಲಿಲ್ಲ. ಒಂದೊಂದು ಮನೆಯವರೂ ತಾವು ಚಾಚಿದ್ದು ಎರಡೇ ಅಡಿ ಅಂದ್ಕೊಂಡಿರ್ತಾರೆ. ಅವರಿಗೂ ಅಡುಗೆಮನೆ ಚಿಕ್ಕದಿತ್ತೇನೋ.

ಬೆಂಕಿ ಆರಿ ಬೂದಿ ಬಿಸಿ ಇರೋವಾಗಲೇ ಊರನ್ನ ಹೊಸದಾಗಿ ಕಟ್ಟೋಕೆ ನಕ್ಷೆಗಳು ಬಂದ್ವು. ಕ್ರಿಸ್ಟೋಫರ್ ರೆನ್ ದೊಡ್ಡ ದೊಡ್ಡ ರಸ್ತೆ, ಚೌಕಗಳಿರೋ ನಕ್ಷೆ ರಾಜನಿಗೆ ಕೊಟ್ಟ. ಹುಕ್ ಕೂಡ ಒಂದು ಮಾಡಿದ, ಅಡ್ಡ ಉದ್ದ ನೆಟ್ಟಗಿನ ಬೀದಿಗಳ ಲೇಔಟ್. ಸೆಪ್ಟೆಂಬರ್ 19ಕ್ಕೆ ರಾಯಲ್ ಸೊಸೈಟಿಯಲ್ಲಿ ತೋರಿಸಿದ. ನಕ್ಷೆ ಯಾವುದೂ ಕೆಲಸಕ್ಕೆ ಬರಲಿಲ್ಲ. ಯಾಕಂದ್ರೆ ಬೂದಿಯಡಿಯ ಪ್ರತಿ ಅಡಿ ನೆಲಕ್ಕೂ ಒಬ್ಬ ಮಾಲೀಕ, ಅವನ ಕೆಳಗೆ ಲೀಸ್‌ನವನು, ಅವನ ಕೆಳಗೆ ಬಾಡಿಗೆಯವನು ಇದ್ದ. ಎಲ್ಲರ ಜಾಗ ಕೊಂಡು ಹೊಸದಾಗಿ ಹಂಚೋಕೆ ದುಡ್ಡೂ ಇರಲಿಲ್ಲ, ಟೈಮೂ ಇರಲಿಲ್ಲ. ಜನ ಟೆಂಟು ಗುಡಿಸಲುಗಳಲ್ಲಿದ್ದರು, ಚಳಿಗಾಲ ಬರ್ತಿತ್ತು. ಹಾಗಾಗಿ ಹಳೇ ಬೀದಿಗಳನ್ನೇ ಇಟ್ಕೊಂಡು, ಬೇಕಾದ ಕಡೆ ಅಗಲ ಮಾಡಿ, ಒಂದೊಂದೇ ಮನೆಯನ್ನ ಅದರದ್ದೇ ಹಳೇ ಜಾಗದಲ್ಲಿ ಕಟ್ಟೋದು ಅಂತ ತೀರ್ಮಾನ ಆಯ್ತು.

ಇದಕ್ಕೆ ಆರು ಜನರ ಸಮಿತಿ. ರಾಜನ ಕಡೆಯಿಂದ ರೆನ್, ಹ್ಯೂ ಮೇ, ರೋಜರ್ ಪ್ರಾಟ್. ನಗರಸಭೆ ಕಡೆಯಿಂದ ಪೀಟರ್ ಮಿಲ್ಸ್, ಎಡ್ವರ್ಡ್ ಜೆರ್ಮನ್, ಹುಕ್. ಮಿಲ್ಸ್, ಜೆರ್ಮನ್ ಕಟ್ಟಡ ಕೆಲಸದಲ್ಲಿ ಪಳಗಿದವರು. ಹುಕ್‌ಗೆ ಆಗ 31 ವರ್ಷ, ಒಂದು ಮನೆಯನ್ನೂ ಕಟ್ಟಿಸಿದ ಅನುಭವ ಇರಲಿಲ್ಲ. ಇವರೆಲ್ಲ ಕೂತು ಚರ್ಚೆ ಮಾಡಿದ್ದು 1667ರ ಫೆಬ್ರವರಿಯಲ್ಲಿ ಕಾಯ್ದೆಯಾಗಿ ಬಂತು.

ಆ ಕಾಯ್ದೆ ಓದ್ತಿದ್ರೆ ನಮ್ಮ ಬಿಲ್ಡಿಂಗ್ ಪ್ಲಾನಿಂಗ್ ನೋಟ್ಸ್ ಓದಿದ ಹಾಗೇ ಇರತ್ತೆ. ಮನೆಗಳಲ್ಲಿ ನಾಲ್ಕು ತರ. ಸಣ್ಣ ಓಣಿಯಲ್ಲಿ 2 ಮಹಡಿ, ಸ್ವಲ್ಪ ದೊಡ್ಡ ಬೀದಿಯಲ್ಲಿ 3, ಮುಖ್ಯ ರಸ್ತೆಯಲ್ಲಿ 4. ನಾಲ್ಕನೇದು ಬೀದಿಯಿಂದ ಒಳಗಿರೋ ಶ್ರೀಮಂತರ ಬಂಗಲೆ, ಅದಕ್ಕೂ 4 ಮಹಡಿಗಿಂತ ಹೆಚ್ಚು ಇಲ್ಲ. ನೆಲಮಾಳಿಗೆ, ಅಟ್ಟ ಈ ಲೆಕ್ಕಕ್ಕೆ ಸೇರಲ್ಲ. ರಸ್ತೆ ಅಗಲಕ್ಕೆ ತಕ್ಕ ಎತ್ತರ, ಅಂದ್ರೆ ನಾವು ಈಗಲೂ ಓದೋದು ಅದನ್ನೇ ಅಲ್ವಾ? ಹೊರಗೋಡೆ ಇಟ್ಟಿಗೆ ಇಲ್ಲಾ ಕಲ್ಲಿನದೇ ಆಗಬೇಕು. ಗೋಡೆ ದಪ್ಪವನ್ನ ಇಟ್ಟಿಗೆ ಲೆಕ್ಕದಲ್ಲೇ ಬರೆದಿದ್ರು. ಎಲ್ಲಕ್ಕಿಂತ ಸಣ್ಣ ಮನೆಗೂ ಮುಂದಿನ ಹಿಂದಿನ ಗೋಡೆ ನೆಲಮಾಳಿಗೆಯಲ್ಲಿ 2 ಇಟ್ಟಿಗೆ, ಅದರ ಮೇಲೆ ಒಂದೂವರೆ, ಅಟ್ಟದ ಹತ್ತಿರ 1. ಒಂದು ಇಟ್ಟಿಗೆ ದಪ್ಪ ಅಂದ್ರೆ ಇಟ್ಟಿಗೆಯ ಉದ್ದ, ನಮ್ಮ ಮೇಸ್ತ್ರಿಗಳು 9 ಇಂಚಿನ ಗೋಡೆ ಅಂತಾರಲ್ಲ ಅದು. ಕೆಳಗೆ ಭಾರ ಜಾಸ್ತಿ, ಗೋಡೆ ದಪ್ಪ. ಮೇಲೆ ಹೋದ ಹಾಗೆ ಭಾರ ಕಮ್ಮಿ, ಗೋಡೆ ತೆಳು. ಫಾರ್ಮುಲಾ ಇಲ್ಲ, ಸೇಫ್ಟಿ ಫ್ಯಾಕ್ಟರ್ ಇಲ್ಲ, ಆದ್ರೂ ಸ್ಟ್ರೆಸ್ ಅಂದ್ರೇನು ಅಂತ ಆ ಮೂರು ಅಂಕಿ ನೋಡಿದ್ರೆ ಅರ್ಥ ಆಗತ್ತೆ. ನನಗಂತೂ ಕ್ಲಾಸಲ್ಲಿ ಆಗಿದ್ದಕ್ಕಿಂತ ಚೆನ್ನಾಗಿ ಆಯ್ತು.

ಮಹಡಿಗಳನ್ನ ಬೀದಿಗೆ ಚಾಚೋದು ಬಂದ್. ಚಿಮಣಿ ಹತ್ತಿರ ಮರದ ತೊಲೆ ಇಡೋ ಹಾಗಿಲ್ಲ. ತಾರಸಿ ನೀರನ್ನ ದಾರಿಯಲ್ಲಿ ಹೋಗೋರ ತಲೆ ಮೇಲೆ ಸುರಿಯೋ ಬದಲು ಪೈಪಿನಲ್ಲಿ ಕೆಳಗಿಳಿಸಬೇಕು. ಎರಡು ಮನೆ ನಡುವೆ ಒಂದೇ ಜಂಟಿ ಗೋಡೆ. ಮೊದಲು ಕಟ್ಟೋನು ಪೂರ್ತಿ ಕಟ್ಟಬೇಕು, ಪಕ್ಕದವನು ಆಮೇಲೆ ಕಟ್ಟುವಾಗ ಅರ್ಧ ಖರ್ಚನ್ನ ಬಡ್ಡಿ ಸಮೇತ ಕೊಡಬೇಕು. ರಸ್ತೆ ಅಗಲ ಮಾಡೋ ದುಡ್ಡಿಗೆ ಲಂಡನ್‌ಗೆ ಬರೋ ಕಲ್ಲಿದ್ದಲಿನ ಮೇಲೆ ತೆರಿಗೆ ಹಾಕಿದ್ರು. ಮಾಲೀಕ ಬಾಡಿಗೆದಾರರ ಜಗಳಕ್ಕೆ ಬೇರೆ ಕೋರ್ಟೇ ಮಾಡಿದ್ರು, ಅದಕ್ಕೆ ಫೀಸು ಇರಲಿಲ್ಲ.

ಕಾಯ್ದೆಯೇನೋ ಆಯ್ತು. ಹಿಂದಿನ ರಾಜಾಜ್ಞೆಗಳ ಹಾಗೆ ಇದೂ ಕಾಗದದಲ್ಲೇ ಉಳೀಬಹುದಿತ್ತು. ಉಳೀಲಿಲ್ಲ, ಯಾಕಂದ್ರೆ ಈ ಸಲ ಒಂದು ಷರತ್ತು ಇತ್ತು: ಸರ್ವೇಯರ್ ಬಂದು ಗೂಟ ಹೊಡೆದು ಕೊಡೋವರೆಗೆ ಯಾರೂ ಪಾಯ ತೆಗೆಯೋ ಹಾಗಿಲ್ಲ. 1667ರ ಮಾರ್ಚ್‌ನಲ್ಲಿ ಹುಕ್ ಮತ್ತು ಮಿಲ್ಸ್ ಸರ್ವೇಯರ್‌ಗಳಾಗಿ ಪ್ರಮಾಣ ತಗೊಂಡರು. ಆ ತಿಂಗಳ ಕೊನೆಯಿಂದ ಮೊದಲು ಬೀದಿಗಳಿಗೆ ಗೂಟ ಹೊಡೆಯೋ ಕೆಲಸ, ಅದು ಎರಡು ತಿಂಗಳು ನಡೀತು. ಗೂಟ ಕಿತ್ತವರಿಗೆ ಜೈಲು ಇಲ್ಲಾ ದಂಡ, ಗತಿಯಿಲ್ಲದ ಬಡವನಾದ್ರೆ ಎಲ್ಲರೆದುರು ಚಾಟಿಯೇಟು. ಇದನ್ನ ಓದಿದಾಗ ನನಗೆ ನಮ್ಮ ಸೈಟಿನ ಮೂಲೆ ನೆನಪಾಯ್ತು.

ಆಮೇಲೆ ಒಂದೊಂದೇ ಮನೆ. ಕಟ್ಟಬೇಕು ಅನ್ನೋನು ನಗರಸಭೆಗೆ ಹೋಗಿ 6 ಶಿಲಿಂಗ್ 8 ಪೆನ್ಸ್ ಕಟ್ಟಿ ರಸೀದಿ ತಗೊಂಡು ಸರ್ವೇಯರ್ ಹತ್ತಿರ ಬರಬೇಕು. ಸುಟ್ಟ ಕಸ, ಬಿದ್ದ ಇಟ್ಟಿಗೆ ತೆಗೆದು ಹಳೇ ಪಾಯ ಕಾಣೋ ಹಾಗೆ ಮಾಡಿಡಬೇಕು. ಹುಕ್ ಬರ್ತಾನೆ. ಅಕ್ಕಪಕ್ಕದವರೂ ಬಂದು ನಿಂತಿರ್ತಾರೆ. ಇಲ್ಲಿ ನಮ್ಮ ಗೋಡೆ ಇತ್ತು ಅಂತ ಒಬ್ಬ, ಇಲ್ಲ ಅಲ್ಲಿತ್ತು ಅಂತ ಇನ್ನೊಬ್ಬ. ಹಳೇ ಪತ್ರ ನೋಡಿ, ಕಲ್ಲು ನೋಡಿ, ಎಲ್ಲರ ಮಾತು ಕೇಳಿ, ಅಳೆದು, ಗೂಟ ಹೊಡೆದು, ಪುಸ್ತಕದಲ್ಲಿ ಅಳತೆ ಬರೆದುಕೊಂಡು ಸರ್ಟಿಫಿಕೇಟ್ ಕೊಡಬೇಕು. ರಸ್ತೆಗೆ ಯಾರದ್ದಾದರೂ ಜಾಗ ಹೋದ್ರೆ ಎಷ್ಟು ಚದರ ಅಡಿ ಹೋಯ್ತು ಅಂತ ಲೆಕ್ಕ ಹಾಕಿ ಬರೆದುಕೊಡಬೇಕು, ಅದನ್ನ ತೋರಿಸಿದ್ರೇ ಪರಿಹಾರ. ಹಳೇ ಲಂಡನ್‌ನಲ್ಲಿ ಒಬ್ಬನ ಅಂಗಡಿ ಮೇಲೆ ಪಕ್ಕದವನ ಕೋಣೆ ಇರೋದು ಸಾಮಾನ್ಯ. ಮನೆ ಸುಟ್ಟುಹೋದ ಮೇಲೆ ಮೇಲಿನ ಕೋಣೆಯವನಿಗೆ ಇರೋದು ಬರೀ ಗಾಳಿ. ಅವನಿಗೆ ನೆಲದಲ್ಲಿ ಎಷ್ಟು ಪಾಲು? ಇದನ್ನ ಯಾವ ಜ್ಯಾಮಿತಿ ಪುಸ್ತಕ ಹೇಳತ್ತೆ ಹೇಳಿ.

ಕಟ್ಟಿದ ಮೇಲೂ ದೂರು ಬರ್ತಿದ್ವು. ನನ್ನ ಕಿಟಕಿಗೆ ಬೆಳಕು ಬರ್ತಿಲ್ಲ, ಅವನ ಚರಂಡಿ ನನ್ನ ನೆಲಮಾಳಿಗೆಗೆ ಬರ್ತಿದೆ, ಜಂಟಿ ಗೋಡೆ ನನ್ನ ಕಡೆ ನಾಲ್ಕು ಇಂಚು ಬಂದಿದೆ. ಸರ್ವೇಯರ್‌ಗಳು ಜಾಗಕ್ಕೆ ಹೋಗಿ ನೋಡಿ ವರದಿ ಕೊಡಬೇಕು. ಒಟ್ಟು ಎಂಟು ಸಾವಿರಕ್ಕೂ ಹೆಚ್ಚು ಪಾಯಗಳಿಗೆ ಗೂಟ ಬಿತ್ತು, ಅದರಲ್ಲಿ ಸುಮಾರು 3,000 ಹುಕ್ ಒಬ್ಬನೇ ಹೊಡೆದದ್ದು ಅಂತ ಅವನ ಬಗ್ಗೆ ಸಂಶೋಧನೆ ಮಾಡಿದವರ ಅಂದಾಜು. ಮಿಲ್ಸ್ 1670ರಲ್ಲಿ ತೀರಿಕೊಂಡ. ಮಧ್ಯದಲ್ಲಿ ಸೇರಿಕೊಂಡಿದ್ದ ಜಾನ್ ಆಲಿವರ್ ಮತ್ತು ಹುಕ್ ಉಳಿದಿದ್ದನ್ನ ಮುಗಿಸಿದ್ರು.

ಆಳನ್ನ ಕಲ್ಪಿಸಿಕೊಳ್ಳಿ. ಬಡಕಲು ಮೈ, ಬಾಗಿದ ಬೆನ್ನು, ರಾತ್ರಿ ಸರಿಯಾಗಿ ನಿದ್ದೆ ಇಲ್ಲ, ಸಿಕ್ಕ ಸಿಕ್ಕ ಔಷಧಿ ಕುಡಿದು ಏನಾಯ್ತು ಅಂತ ಡೈರಿಯಲ್ಲಿ ಬರೆದಿಡೋ ಅಭ್ಯಾಸ. ಹಗಲೆಲ್ಲ ಬೂದಿ, ಸುಣ್ಣದ ಧೂಳಿನಲ್ಲಿ ಓಡಾಟ, ಸಂಜೆ ಕಾಫಿ ಮನೆಯಲ್ಲಿ ರೆನ್ ಜೊತೆ ಮಾತು, ಇದರ ನಡುವೆ ರಾಯಲ್ ಸೊಸೈಟಿಗೆ ಪ್ರಯೋಗ, ಗ್ರೆಶಮ್‌ನಲ್ಲಿ ಲೆಕ್ಚರ್. ರೆನ್ ಜೊತೆ ಗೆಳೆತನ ಕೊನೇವರೆಗೂ ಉಳೀತು. ಬೇರೆಯವರ ಜೊತೆ ಅಷ್ಟಿಲ್ಲ. ಯಾರು ಏನು ಕಂಡುಹಿಡಿದ್ರೂ ಅದು ನನಗೆ ಮೊದಲೇ ಗೊತ್ತಿತ್ತು ಅನ್ನೋ ಚಾಳಿ ಅವನಿಗಿತ್ತು. ಎಷ್ಟೋ ಸಲ ನಿಜವಾಗಿ ಗೊತ್ತಿರ್ತಿತ್ತು, ಆದ್ರೆ ಅರ್ಧಕ್ಕೆ ಬಿಟ್ಟಿರ್ತಿದ್ದ. ಬಿಡದೆ ಏನು ಮಾಡ್ತಾನೆ, ಮಾರನೇ ದಿನ ಬೆಳಗ್ಗೆ ಯಾರದೋ ಸೈಟಲ್ಲಿ ಗೂಟ ಹೊಡೀಬೇಕಿತ್ತಲ್ಲ.

ಸೈಟಿನ ಓಡಾಟ ಅವನ ವಿಜ್ಞಾನಕ್ಕೂ ಬಂದಿರಬೇಕು ಅನ್ನೋದು ನನ್ನ ಊಹೆ. 1670ರ ದಶಕದಲ್ಲಿ ಕಮಾನಿನ ಬಗ್ಗೆ ಯೋಚನೆ ಮಾಡ್ತಾ, ಎರಡು ತುದಿ ಹಿಡಿದು ಸರಪಳಿ ತೂಗುಬಿಟ್ರೆ ಅದು ಯಾವ ಆಕಾರಕ್ಕೆ ಬರತ್ತೋ ಅದನ್ನ ತಲೆಕೆಳಗು ಮಾಡಿದ್ರೆ ಗಟ್ಟಿ ಕಮಾನು ಅಂತ ಕಂಡುಕೊಂಡ. ಎಳೆತ ಇದ್ದ ಕಡೆ ಒತ್ತಡ, ಅಷ್ಟೇ ವ್ಯತ್ಯಾಸ. ಯಾರಾದರೂ ಕದ್ದಾರು ಅಂತ ಅದನ್ನ ಅಕ್ಷರ ಕಲಸಿ ಒಗಟಿನ ತರ ಛಾಪಿಸಿದ, ಉತ್ತರ ಹೊರಬಂದದ್ದು ಅವನು ಸತ್ತ ಮೇಲೆ. ಸ್ಪ್ರಿಂಗಿನ ನಿಯಮವನ್ನೂ ಹೀಗೇ ಒಗಟು ಮಾಡಿದ್ದ, 1678ರಲ್ಲಿ ತಾನೇ ಬಿಡಿಸಿದ. ಆ ನಿಯಮವನ್ನ ಅವನು ಹೇಳಿದ್ದು ಸ್ಪ್ರಿಂಗಿಗೆ ಮಾತ್ರ ಅಲ್ಲ, ಲೋಹ, ಮರ, ಕಲ್ಲು ಎಲ್ಲಕ್ಕೂ. ದಿನಾ ಇವನ್ನೇ ನೋಡ್ತಿದ್ದವನು ಅಲ್ವಾ.

ದೊಡ್ಡ ಕಟ್ಟಡಗಳನ್ನೂ ಕಟ್ಟಿಸಿದ. ಬೆಂಕಿಯ ನೆನಪಿಗೆ ರೆನ್ ಜೊತೆ ಸೇರಿ ಮಾಡಿದ 202 ಅಡಿ ಎತ್ತರದ ಕಂಬ ಇವತ್ತಿಗೂ ಲಂಡನ್‌ನಲ್ಲಿದೆ. ಬೇಕರಿ ಇದ್ದ ಜಾಗಕ್ಕೆ ಅಲ್ಲಿಂದ ಸರಿಯಾಗಿ 202 ಅಡಿ. ಒಳಗೆ 311 ಮೆಟ್ಟಿಲು, ನಡುವೆ ಮೇಲಿಂದ ಕೆಳಗಿನವರೆಗೆ ಪೊಳ್ಳು. ಅದನ್ನೇ ಟೆಲಿಸ್ಕೋಪ್ ಮಾಡಿ ನಕ್ಷತ್ರ ಅಳೆಯೋ ಆಸೆ ಅವನದು, ಅದು ಕೈಗೂಡಲಿಲ್ಲ. ಆದ್ರೆ ಮೆಟ್ಟಿಲು ಹತ್ತಿ ಇಳಿದು ಗಾಳಿಯ ಒತ್ತಡ ಅಳೆದ.

ಅವನ ತಪ್ಪನ್ನೂ ಹೇಳಬೇಕು. 1675-76ರಲ್ಲಿ ಬೆತ್ಲೆಮ್ ಅನ್ನೋ ಮಾನಸಿಕ ರೋಗಿಗಳ ಆಸ್ಪತ್ರೆಯನ್ನ ಅರಮನೆ ತರ, 500 ಅಡಿಗೂ ಉದ್ದ ಕಟ್ಟಿಸಿದ. ಜನ ನೋಡೋಕೆ ಬರ್ತಿದ್ರು. ಜಾಗ ಮಾತ್ರ ಊರಗೋಡೆ ಪಕ್ಕ, ಹಳೇ ಕಂದಕ ಮುಚ್ಚಿದ ಮಣ್ಣು. ಬೇಗ ಬೇಗ ಎಬ್ಬಿಸಿದ ಗೋಡೆಗೆ ಪಾಯ ಸಾಲಲಿಲ್ಲ. ನೂರು ಚಿಲ್ಲರೆ ವರ್ಷಕ್ಕೆ ಗೋಡೆಗಳು ವಾಲಿ ಬಿರುಕು ಬಿಟ್ವು, 1815ರಲ್ಲಿ ರೋಗಿಗಳನ್ನ ಬೇರೆ ಕಡೆ ಸಾಗಿಸಿದ್ರು, ಕಟ್ಟಡ ಕೆಡವಿದ್ರು. ಮೂರು ಸಾವಿರ ಜನರ ಪಾಯಕ್ಕೆ ಗೂಟ ಹೊಡೆದವನ ಸ್ವಂತ ಕಟ್ಟಡದ ಕತೆ ಇದು. ಇದನ್ನ ಓದಿ ಯಾಕೋ ಅವನು ಹತ್ತಿರದವನು ಅನ್ನಿಸಿದ.

ಕೊನೆಯ ವರ್ಷಗಳು ಒಳ್ಳೇದಿರಲಿಲ್ಲ. ಗುರುತ್ವದ ಯೋಚನೆಯಲ್ಲಿ ತನ್ನ ಪಾಲಿದೆ ಅಂತ ನ್ಯೂಟನ್ ಜೊತೆ ಜಗಳ ಆಯ್ತು. ಜೊತೆಗಿದ್ದ ಅಣ್ಣನ ಮಗಳು ಗ್ರೇಸ್ 1687ರಲ್ಲಿ ತೀರಿಕೊಂಡಳು, ಆಮೇಲೆ ಅವನು ಮೊದಲಿನ ಹಾಗೆ ಆಗಲೇ ಇಲ್ಲವಂತೆ. ಕಣ್ಣು ಮಂಜಾಯ್ತು, ಕಾಲು ಊದಿತು. 1703ರ ಮಾರ್ಚ್ 3ರಂದು ಗ್ರೆಶಮ್ ಕಾಲೇಜಿನ ಅದೇ ರೂಮಿನಲ್ಲಿ ಸತ್ತ. ಜಿಪುಣನ ಹಾಗೆ ಬದುಕಿದವನ ಕಬ್ಬಿಣದ ಪೆಟ್ಟಿಗೆ ತೆಗೆದ್ರೆ 8,000 ಪೌಂಡಿಗೂ ಹೆಚ್ಚು ಹಣ. ರಾಯಲ್ ಸೊಸೈಟಿ ಸಂಬಳದಿಂದ ಅಷ್ಟು ಆಗೋಕೆ ಸಾಧ್ಯವೇ ಇಲ್ಲ, ಸರ್ವೆ ಮತ್ತು ಕಟ್ಟಡ ಕೆಲಸದ ದುಡ್ಡೇ ಇರಬೇಕು. ಉಯಿಲಿಗೆ ಸಹಿ ಹಾಕಿರಲಿಲ್ಲ. ಅದೇ ವರ್ಷ ನ್ಯೂಟನ್ ಸೊಸೈಟಿಯ ಅಧ್ಯಕ್ಷನಾದ. ಹುಕ್‌ನದ್ದು ಅಂತ ಖಚಿತವಾಗಿ ಹೇಳೋ ಒಂದು ಚಿತ್ರವೂ ಇವತ್ತು ಇಲ್ಲ. ಸಮಾಧಿಯ ಜಾಗವೂ ಗುರುತಿಲ್ಲ.

ಮಿಲ್ಸ್ ಮತ್ತು ಆಲಿವರ್ ಬರೆದ ಸರ್ವೆ ಪುಸ್ತಕಗಳು ಉಳಿದಿವೆ. ಯಾರ ಸೈಟು, ಯಾವ ಬೀದಿ, ಎಷ್ಟು ಅಡಿ ಎಷ್ಟು ಇಂಚು, ಎಲ್ಲ ಚಿತ್ರ ಸಮೇತ. ಹುಕ್‌ನ ಸರ್ವೆ ಪುಸ್ತಕಗಳು ಕಳೆದುಹೋಗಿವೆ.

ದಸರಾ ರಜೆಗೆ ಊರಿಗೆ ಹೋಗಿದ್ದೆ. ನಮ್ಮ ಮನೆ ಲಿಂಟೆಲ್ ಮಟ್ಟಕ್ಕೆ ಬಂದಿತ್ತು. ಅಪ್ಪ ಮನೆಯಲ್ಲಿ ಇಲ್ಲದ ಹೊತ್ತಿನಲ್ಲಿ ಅಡುಗೆಮನೆ ಗೋಡೆಗೂ ಪಕ್ಕದವರ ಕಾಂಪೌಂಡಿಗೂ ನಡುವೆ ಇಳಿದು ಟೇಪ್ ಹಿಡಿದೆ. ಒಬ್ಬಳೇ ಇದ್ದೆ, ಟೇಪಿನ ತುದಿಯನ್ನ ಕಲ್ಲಿನಲ್ಲಿ ಒತ್ತಿಟ್ಟೆ. 1 ಅಡಿ 11 ಇಂಚು. ಪಕ್ಕದ ಮನೆ ಅಜ್ಜಿ ಕಾಂಪೌಂಡ್ ಮೇಲಿಂದ ನೋಡಿ ಏನಮ್ಮಾ ಅಳೀತಿದ್ದೀಯ ಅಂತ ಕೇಳಿದ್ರು. ನಾನು ಅಂಕಿ ಹೇಳಿದೆ. ಸಂಜೆ ಅಪ್ಪನಿಗೂ ಹೇಳಿದೆ.